ಕೇಳದ ಮಾತಿಗೆ ಗೋಡೆಯೇ ಹೊಣೆ

ವಿಜಯಪುರದ ಗೋಳಗುಮ್ಮಟದ ಮೇಲಣ ಮೊಗಸಾಲೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರುದನಿಗೊಡುತ್ತದೆ. ಪ್ರವಾಸಿಗೆ ಅದೊಂದು ಸೋಜಿಗ. ಆದರೆ ಅಲ್ಲಿಯೇ ಪಾಠವನ್ನು ಏರ್ಪಡಿಸಿದರೆ ಕೇಳುವವರ ಗತಿಯೇನು? ನಮ್ಮ ಎಷ್ಟೋ ಉಪನ್ಯಾಸಮಂದಿರಗಳು ಅರಿಯದೆ ಕಟ್ಟಿದ ಕಿರುಗುಮ್ಮಟಗಳೇ ಆಗಿವೆ. ನಾನು ಪಾಠ ಹೇಳುವ ಕೊಠಡಿಯೂ ಅಂಥದೇ: ನುಣುಪಾದ ಗಾರೆಯ ಗೋಡೆ, ಗಾಜಿನ ಕಿಟಕಿ, ಕಲ್ಲಿನ ನೆಲ. ಒಂದು ಮಾತಿನ ಗುಂಗು ಅಡಗುವ ಮುನ್ನ ಇನ್ನೊಂದು ಮಾತು ಅದರ ಮೇಲೆ ಬೀಳುತ್ತದೆ. ಕೊನೆಯ ಬೆಂಚಿನ ಹುಡುಗನಿಗೆ ಪಾಠ ತಿಳಿಯದಾದಾಗ ಅವನನ್ನು ಮಂದಮತಿಯೆನ್ನುತ್ತೇವೆ. ಗೋಡೆಯನ್ನು ಯಾರೂ ದೂರುವುದಿಲ್ಲ. ಹೆಚ್ಚೆಂದರೆ ಧ್ವನಿವರ್ಧಕವೊಂದನ್ನು ತಂದಿಡುತ್ತೇವೆ. ಮಾತು ಜೋರಾದಷ್ಟೂ ಮರುದನಿಯೂ ಜೋರಾಗುವುದರಿಂದ ಸ್ಪಷ್ಟತೆ ಹೆಚ್ಚುವುದಿಲ್ಲ.

ಇದರ ಕಾರಣವನ್ನು ಬೆಳಕಿನ ಉದಾಹರಣೆಯಿಂದ ತಿಳಿಯಬಹುದು. ಕನ್ನಡಿ ಬೆಳಕನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಸುಣ್ಣ ಬಳಿದ ಗೋಡೆ ಅದನ್ನು ಎಲ್ಲೆಡೆಗೂ ಚದರಿಸುತ್ತದೆ. ಬೆಳಕಿನ ತರಂಗದೂರ ಅತ್ಯಲ್ಪವಾದುದರಿಂದ ಗೋಡೆಯ ಸೂಕ್ಷ್ಮವಾದ ಒರಟುತನವೇ ಅದಕ್ಕೆ ಸಾಕು. ಆದರೆ ಸೆಕೆಂಡಿಗೆ ೫೦೦ ಕಂಪನಗಳ ಧ್ವನಿಯ ತರಂಗದೂರ ಸುಮಾರು ೬೮ ಸೆಂಟಿಮೀಟರು. ಅದಕ್ಕೆ ಅದೇ ಸುಣ್ಣದ ಗೋಡೆ ಅಚ್ಚ ಕನ್ನಡಿ. ೧೫ ಮೀಟರು ಉದ್ದದ ಕೊಠಡಿಯಲ್ಲಿ ಹಿಂದಿನ ಗೋಡೆಗೆ ಬಡಿದ ಮಾತು ಸುಮಾರು ೦.೦೯ ಸೆಕೆಂಡು ತಡವಾಗಿ ಮುಂದಕ್ಕೆ ಮರಳುತ್ತದೆ. ೦.೦೫ ಸೆಕೆಂಡಿನೊಳಗೆ ಬಂದುದನ್ನು ಕಿವಿಯು ಮೂಲಧ್ವನಿಯೊಡನೆ ಕೂಡಿಸಿಕೊಳ್ಳುತ್ತದೆ. ಅದಕ್ಕಿಂತ ತಡವಾಗಿ ಬಲವಾಗಿ ಬಂದುದು ಮಾತನ್ನು ಕಲಕುತ್ತದೆ.

೧೮೯೫ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಹೊಸ ಉಪನ್ಯಾಸಮಂದಿರವೊಂದಕ್ಕೆ ಇದೇ ರೋಗ ತಗುಲಿತ್ತು. ಅಲ್ಲಿ ಸ್ವರವೊಂದು ಐದು ಸೆಕೆಂಡಿಗೂ ಮೀರಿ ಉಳಿಯುತ್ತಿತ್ತು. ವಾಲೆಸ್ ಸೇಬಿನ್ ಎಂಬ ತರುಣ ಅಧ್ಯಾಪಕರು ಬೇರೊಂದು ರಂಗಮಂದಿರದ ಆಸನಗಳ ಮೆತ್ತೆಗಳನ್ನು ತಂದಿಟ್ಟು ಅಳೆದರು. ಅನುರಣನದ ಅವಧಿ ಕೋಣೆಯ ಘನಗಾತ್ರದೊಡನೆ ಹೆಚ್ಚುವುದೆಂದೂ, ಧ್ವನಿಯನ್ನು ಹೀರುವ ವಸ್ತು ಹೆಚ್ಚಿದಂತೆ ತಗ್ಗುವುದೆಂದೂ ತೋರಿಸಿಕೊಟ್ಟರು. ಇಂದಿಗೂ ಮೊದಲ ಔಷಧ ಇದೇ. ಆದರೆ ಎಲ್ಲ ಗೋಡೆಗಳಿಗೂ ಮೆತ್ತೆ ಹೊದಿಸಿದರೆ, ಬೇಗನೆ ಬಂದು ಹಿಂದಿನ ಸಾಲಿಗೆ ನೆರವಾಗಬೇಕಾದ ಪ್ರತಿಫಲನವೂ ಸಾಯುತ್ತದೆ, ಸಂಗೀತವಂತೂ ಬಡವಾಗುತ್ತದೆ.

ಧ್ವನಿಯನ್ನು ಕೊಲ್ಲದೆ ಚದರಿಸಿ ಹಂಚುವ ಸಾಧನವೇ ಧ್ವನಿ ವಿಸರಕ. ೧೮೭೦ರಲ್ಲಿ ತೆರೆದ ವಿಯೆನ್ನಾ ನಗರದ ಪ್ರಸಿದ್ಧ ಸಂಗೀತಭವನದಲ್ಲಿ ಸಾಲುಪ್ರತಿಮೆಗಳೂ ಕುಸುರಿಯ ಮೇಲ್ಛಾವಣಿಯೂ ಈ ಕೆಲಸವನ್ನು ಮಾಡುತ್ತವೆ. ಅಲಂಕಾರವನ್ನು ತೊರೆದ ನಮ್ಮ ಕಾಲದ ಗೋಡೆ ಈ ಗುಣವನ್ನೂ ತೊರೆಯಿತು. ಗಣಿತದಿಂದ ಅದನ್ನು ಮರಳಿ ಪಡೆಯುವ ದಾರಿಯನ್ನು ೧೯೭೦ರ ದಶಕದಲ್ಲಿ ತೋರಿದವರು ಜರ್ಮನಿಯ ಮ್ಯಾನ್‌ಫ್ರೆಡ್ ಶ್ರೋಡರ್. ೦ಯಿಂದ ೬ರವರೆಗಿನ ಸಂಖ್ಯೆಗಳ ವರ್ಗಗಳನ್ನು ೭ರಿಂದ ಭಾಗಿಸಿರಿ. ಉಳಿಯುವ ಶೇಷಗಳು ೦, ೧, ೪, ೨, ೨, ೪, ೧. ಅಂಕವೊಂದಕ್ಕೆ ೫ ಸೆಂಟಿಮೀಟರಿನಂತೆ ಆಳವಿಟ್ಟು, ನಡುವೆ ತೆಳುಹಲಗೆಗಳನ್ನು ನಿಲ್ಲಿಸಿ ಏಳು ಗೂಡುಗಳನ್ನು ಮಾಡಿದರೆ ವಿಸರಕ ಸಿದ್ಧ. ಬೇರೆ ಬೇರೆ ಆಳಗಳಿಂದ ಮರಳುವ ಅಲೆಗಳು ಹಿಂದುಮುಂದಾಗಿ ಹೊರಟು ನಾನಾ ದಿಕ್ಕುಗಳಿಗೆ ಹರಡುತ್ತವೆ. ಸುಮಾರು ೫೦೦ ಕಂಪನಗಳಿಂದ ಮೇಲ್ಪಟ್ಟ ಸ್ವರಗಳಿಗೆ ಇದು ಒದಗುತ್ತದೆ. ೧೮೦೧ರಲ್ಲಿ ಗೌಸ್ ಮಹಾಶಯನು ತನ್ನ ಗ್ರಂಥದಲ್ಲಿ ಈ ವರ್ಗಶೇಷಗಳನ್ನು ವಿವೇಚಿಸಿದಾಗ ಅವು ಗೋಡೆಯನ್ನೇರುವುವೆಂದು ಯಾರು ಎಣಿಸಿದ್ದರು!

ವಿಸರಕವು ಸರ್ವರೋಗಗಳಿಗೂ ಮದ್ದೆಂದು ನಾನು ಹೇಳಲಾರೆ. ಅದು ಮುಖ್ಯವಾಗಿ ಹಂಚುತ್ತದೆ, ಹೀರುವುದು ಅಲ್ಪ. ಆದುದರಿಂದ ಮೊರೆಯುವ ಕೊಠಡಿಯಲ್ಲಿ ಮೊದಲು ಹೀರುವ ಹೊದಿಕೆ, ಆಮೇಲೆ ಹಿಂಗೋಡೆಗೆ ವಿಸರಕ. ಮೊಟ್ಟೆಯ ತಟ್ಟೆಗಳನ್ನು ಅಂಟಿಸಿದರೆ ಸಾಕೆಂಬ ನಂಬಿಕೆಯಂತೂ ಹುಸಿ. ಅಷ್ಟು ಕಡಿಮೆ ಆಳಕ್ಕೆ ಮಾತಿನ ದೀರ್ಘ ಅಲೆಗಳು ಮಣಿಯವು.

ಇದಕ್ಕೆಲ್ಲ ಹಣವೆಲ್ಲಿ ಎನ್ನುವವರುಂಟು. ನಕ್ಷೆ ಬರೆಯುವಾಗ ಬೆಳಕು, ಗಾಳಿಗಳನ್ನು ಎಣಿಸುವವರು ಧ್ವನಿಯನ್ನೂ ಎಣಿಸಲಿ ಎಂಬುದೇ ನನ್ನ ಬೇಡಿಕೆ. ಹಿಂಗೋಡೆಯ ಇಟ್ಟಿಗೆಗಳನ್ನು ಹಿಂದುಮುಂದಾಗಿ ಇಡುವುದನ್ನು ಆಗಲೇ ಯೋಚಿಸಬೇಕು. ಕಟ್ಟಿ ಮುಗಿಸಿದ ಮೇಲೆ ಒಡೆಯುವುದು ದುಬಾರಿ. ಈಗಿರುವ ಕೊಠಡಿಗಳಲ್ಲಿ ಹಿಂಗೋಡೆಗೆ ಪುಸ್ತಕದ ಕಪಾಟುಗಳನ್ನಿಟ್ಟರೂ ಅಷ್ಟಿಷ್ಟು ಫಲವುಂಟು.

ವಿದ್ಯಾರ್ಥಿಮಿತ್ರರೇ, ನಾಳೆ ನಿಮ್ಮ ತರಗತಿ ಬರಿದಾಗಿದ್ದಾಗ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿರಿ. ಅದರ ಗುಂಗು ಬಹಳ ಹೊತ್ತು ಉಳಿದರೆ, ಪಾಠ ತಿಳಿಯದಿರುವ ತಪ್ಪು ನಿಮ್ಮೊಬ್ಬರದೇ ಅಲ್ಲ.