ಮುಖ ಬರೆಯುವ ಮೊದಲು ಕೇಳಬೇಕು

ಕಳೆದ ರಜೆಯಲ್ಲಿ ಊರಿಗೆ ಬಂದಿದ್ದಾಗ ಒಂದು ನಿಕಾಹ್‌ಗೆ ಹೋಗಿದ್ದೆ. ಬಾಪನ ಗೆಳೆಯರೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿದರು. "ಕೊಲ್ಹಾಪುರದಲ್ಲಿ ಚಿತ್ರ ಕಲಿತು ಹೊಟ್ಟೆಗೆ ಏನು ಮಾಡ್ತಿ?" ಎಂಬುದು ಒಂದು. "ಅದರಲ್ಲೂ ಮನುಷ್ಯರ ಮುಖ ಬರೆಯುವುದು ನಮಗೆ ಆಗ್ತದಾ?" ಎಂಬುದು ಇನ್ನೊಂದು. ನಾನು ಬಾಯಿ ತೆರೆಯುವ ಮೊದಲೇ ಫೋಟೋದವ ಬಂದ. ಅವರು ಟೊಪ್ಪಿ ಸರಿಮಾಡಿಕೊಂಡು, ನನ್ನ ಹೆಗಲ ಮೇಲೆ ಕೈಹಾಕಿ, ಫೋಟೋಕ್ಕೆ ನಕ್ಕರು.

ಅವರನ್ನು ಗೇಲಿ ಮಾಡಲು ಇದನ್ನು ಬರೆಯುತ್ತಿಲ್ಲ. ಅವರ ಎರಡೂ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇವೆ. ಅಂದು ಹೇಳಲಾಗದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಕಲಾಶಾಲೆಯಲ್ಲಿ ಮೊದಲು ಮಡಕೆ, ಬಟ್ಟೆಯ ಮಡಿಕೆ ಬರೆಸಿದರು. ಆಮೇಲೆ ನಮ್ಮ ಸರ್ ಕೈಗೆ ಸ್ಕೆಚ್ ಪುಸ್ತಕ ಕೊಟ್ಟು ಕೊಲ್ಹಾಪುರದ ಬಸ್ ನಿಲ್ದಾಣಕ್ಕೆ ಕಳಿಸಿದರು. ಅರ್ಧ ಬರೆಯುವಷ್ಟರಲ್ಲಿ ಬಸ್ ಬಂದು ಆಸಾಮಿ ಎದ್ದು ಹೋಗುತ್ತಾನೆ. ಕಾಲಿಲ್ಲದವರು, ತಲೆ ಮಾತ್ರ ಇರುವವರು, ಹೀಗೆ ನನ್ನ ಪುಸ್ತಕ ತುಂಬಿತು. ಕಣ್ಣು ತಲೆಯ ನಟ್ಟನಡು ಎತ್ತರದಲ್ಲಿರುತ್ತದೆ. ಹೊಸಬರು ಅದನ್ನು ಹಣೆಯವರೆಗೆ ಏರಿಸಿಬಿಡುತ್ತಾರೆ, ನಾನೂ ಏರಿಸಿದ್ದೆ. ಸರ್ ನೋಡಿ, "ಮುಖಕ್ಕೆ ಯಾಕೆ ಅವಸರ? ಮೈಯ ಭಾರ ಯಾವ ಕಾಲಿನ ಮೇಲಿದೆ ಅಂತ ಮೊದಲು ನೋಡು" ಎಂದರು. ಅಂದಿನಿಂದ ನಿಂತವರನ್ನೆಲ್ಲ ಹಾಗೇ ನೋಡುತ್ತೇನೆ. ಮಗುವನ್ನು ಎತ್ತಿಕೊಂಡ ತಾಯಿಯ ಸೊಂಟ ಒಂದು ಕಡೆಗೆ ವಾಲಿರುತ್ತದೆ. ನನ್ನ ಉಮ್ಮನೂ ಹಾಗೇ ನಿಲ್ಲುತ್ತಿದ್ದರು ಎಂಬುದು ನೆನಪಾದದ್ದು ಆ ನಿಲ್ದಾಣದಲ್ಲಿ.

ಒಂದು ಭಾನುವಾರ ಸಹಪಾಠಿಯೊಬ್ಬನ ಜೊತೆ ಅವನ ಊರು ಇಚಲಕರಂಜಿಗೆ ಹೋದೆ. ಅದು ಪವರ್‌ಲೂಮ್‌ಗಳ ಪಟ್ಟಣ. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ನಾನು ಪೆನ್ಸಿಲ್ ತೆಗೆದದ್ದನ್ನು ಕಂಡು ಒಬ್ಬ ಕೆಲಸಗಾರರು ಕಿವಿಯ ಹತ್ತಿರ ಬಂದು ಕನ್ನಡದಲ್ಲೇ ಹೇಳಿದರು: "ಮಗ್ಗ ನಿಂತ್ರ ಪಗಾರನೂ ನಿಲ್ತೈತ್ರಿ. ನಾ ನಿಲ್ಲಂಗಿಲ್ಲ, ನೀವ ಲಗೂನ ಕೈ ಓಡಸ್ರಿ." ಅಂದು ಬರೆದ ಇಪ್ಪತ್ತು ಚಿತ್ರಗಳಲ್ಲಿ ಸರಿ ಬಂದದ್ದು ಒಂದೇ. ತುಂಡಾದ ನೂಲನ್ನು ಗಂಟು ಹಾಕುವ ಎರಡು ಕೈಗಳು ಅದರಲ್ಲಿವೆ. ಮುಖ ಇಲ್ಲ. ಆದರೂ ಅವರಿಗೆ ತೋರಿಸಿದಾಗ, "ಹೌದ್ರಿ, ಇದು ನಂದ ಕೈ" ಅಂದರು.

ಪಾಠ ಕಲಿಸಿದ್ದು ಗಡಹಿಂಗ್ಲಜ. ಸಂಕೇಶ್ವರಕ್ಕೆ ಹತ್ತಿರದ ಗಡಿಯೂರು ಅದು, ಮೆಣಸಿನಕಾಯಿ ವ್ಯಾಪಾರಕ್ಕೆ ಹೆಸರು. ಪೇಟೆಯಲ್ಲಿ ಕೆಂಪು ರಾಶಿಯ ಹಿಂದೆ ಕೂತಿದ್ದ ಒಬ್ಬ ಅಜ್ಜಿಯನ್ನು ದೂರದಿಂದ ಕದ್ದು ಬರೆಯುತ್ತಿದ್ದೆ. ಅವರಿಗೆ ಗೊತ್ತಾಯಿತು. ಬೈಯಲಿಲ್ಲ, ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನನ್ನ ಕಿವಿ ಬಿಸಿಯಾಯಿತು. ಹತ್ತಿರ ಹೋಗಿ ತಪ್ಪಾಯಿತು ಎಂದೆ. "ಕೇಳಿ ಬರೀಬೇಕಪ್ಪ" ಎಂದಷ್ಟೇ ಹೇಳಿದರು. ಆಗ ಕೇಳಿದೆ. ಬೇಡ ಎಂದರು. ಪುಟ ಹರಿದು ಅವರ ಕೈಗೇ ಕೊಟ್ಟು ಬಂದೆ.

ಊರಿಗೆ ಬಂದ ಮೇಲೆ ನನ್ನ ಅಜ್ಜಿಯನ್ನೂ ಕೇಳಿಯೇ ಕೂತೆ. "ಮುಖ ಬೇಡ ಮೋನೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕಿವಿ ಬೇಕಾದರೆ ಬರಿ" ಎಂದು ತಟ್ಟವನ್ನು ಹಿಂದೆ ಸರಿಸಿದರು. ಅಲಿಕತ್ತ್ ತೊಡುತ್ತಿದ್ದ ಕಿವಿ ಅದು. ಈಗ ಚಿನ್ನ ಇಲ್ಲ, ಸಾಲು ತೂತುಗಳು ಮಾತ್ರ ಇವೆ. ಒಂದೊಂದನ್ನೇ ಬರೆಯುತ್ತ ಹೋದಂತೆ, ಯಾವ ಆಭರಣವನ್ನು ಯಾರ ಮದುವೆಗೆ, ಯಾರ ಗಲ್ಫ್ ವೀಸಾಕ್ಕೆ ಮಾರಿದರೆಂದು ಹೇಳುತ್ತ ಹೋದರು. ನನಗೆ ಈ ಕತೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಜೀವಿಗಳ ಚಿತ್ರದ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ಇಲ್ಮು ನನಗಿಲ್ಲ. ಚಿತ್ರ ಬೇಡ ಎಂದು ಮನಸಾರೆ ನಂಬಿ, ಫೋಟೋವನ್ನೂ ತೆಗೆಸದ ಹಿರಿಯರ ಮುಂದೆ ನಾನು ತಲೆತಗ್ಗಿಸುತ್ತೇನೆ. ಆದರೆ ಮದುವೆ ಆಲ್ಬಮ್ ಮಾಡಿಸುವ, ದಿನಕ್ಕೆ ಹತ್ತು ಸೆಲ್ಫಿ ಕಳಿಸುವ ನಾವು ಪೆನ್ಸಿಲ್ ಹಿಡಿದ ಹುಡುಗನನ್ನು ಮಾತ್ರ ತಡೆಯುವುದು ನ್ಯಾಯವೇ? 2011ರ 'ಬ್ಯಾರಿ' ಸಿನಿಮಾಕ್ಕೆ ಮರಾಠಿಯ 'ದೇವೂಳ್' ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಭಾಷೆಯ ಹೆಸರು ದೇಶಕ್ಕೆಲ್ಲ ಕೇಳಿಸಿತು ಎಂದು ಹಿಗ್ಗಿದವರು ನಾವೇ ಅಲ್ಲವೇ?

ಕೊಲ್ಹಾಪುರದವರು ತಮ್ಮ ದೊಡ್ಡ ಚಿತ್ರಕಾರರನ್ನು ನೆನೆಯುವಾಗ ಅಬಾಲಾಲ್ ರಹಿಮಾನ್ ಹೆಸರು ತಪ್ಪದೆ ಬರುತ್ತದೆ. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಅವರಿಗೆ ಆಸರೆಯಾದವರು ಶಾಹು ಮಹಾರಾಜರು. 1906ರಲ್ಲಿ ಮುಸ್ಲಿಂ ಹುಡುಗರ ಓದಿಗಾಗಿ ಬೋರ್ಡಿಂಗ್ ಶುರುಮಾಡಿಸಿದವರೂ ಅವರೇ. ಅಬಾಲಾಲ್ 1931ರಲ್ಲಿ ತೀರಿಕೊಂಡರು. ಇಂದಿಗೂ ಆ ಊರು ಅವರನ್ನು ತನ್ನ ಮಗನೆಂದೇ ಹೇಳುತ್ತದೆ. ನಮ್ಮ ಕರಾವಳಿಯಲ್ಲೂ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಅದೇ ಜೆ.ಜೆ. ಶಾಲೆಗೆ ಹೋಗಿ ಹೆಸರಾದರು.

ಹೊಟ್ಟೆಯ ಪ್ರಶ್ನೆ ಉಳಿಯಿತು. ಖಚಿತವಾದ ಸಂಬಳ ಇದರಲ್ಲಿಲ್ಲ ಎಂದು ಒಪ್ಪುತ್ತೇನೆ. ಆದರೆ ಗಲ್ಫಿಗೆ ಹೊರಟ ನಮ್ಮ ಕಾಕಂದಿರಿಗೆ ಹೊರಟ ದಿನ ಯಾವುದು ಖಚಿತವಿತ್ತು? ಶಾಲೆಗಳಿಗೆ ಡ್ರಾಯಿಂಗ್ ಮಾಸ್ಟ್ರು ಬೇಕು, ಪುಸ್ತಕಗಳಿಗೆ ಚಿತ್ರ ಬೇಕು. 2007ರಲ್ಲಿ ನಮಗೊಂದು ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. ನಮ್ಮ ಮಕ್ಕಳಿಗೆ ಬ್ಯಾರಿ ಕತೆಪುಸ್ತಕ ಮಾಡುವಾಗ ಕುಪ್ಪಾಯ ತೊಟ್ಟ ಅಜ್ಜಿಯನ್ನು, ಅಲಿಕತ್ತನ್ನು ಬರೆಯುವವರು ಯಾರು? ನೋಡಿ ಗೊತ್ತಿಲ್ಲದವರು ಬರೆದರೆ ಅದು ಯಾರದೋ ಅಜ್ಜಿಯಾಗುತ್ತದೆ.

ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮಗು ಯಾರದೋ ಮೂಗು ಬರೆದಿದ್ದರೆ ಆ ಪುಟ ಹರಿಯಬೇಡಿ. ಕೇಳಿ ಬರೆಯುವುದನ್ನು ಕಲಿಸಿ. ಬೇಡ ಎಂದವರನ್ನು ಬಿಡುವುದನ್ನು ಕಲಿಸಿ. ಈ ರಜೆಯಲ್ಲಿ ಒಂದು ಸ್ಕೆಚ್ ಪುಸ್ತಕ ತೆಗೆದುಕೊಟ್ಟು, ಮನೆಯ ಹಿರಿಯರ ಹತ್ತಿರ ಒಂದು ಗಂಟೆ ಕೂರಿಸಿ. ಚಿತ್ರ ಸರಿ ಬಾರದಿದ್ದರೂ, ಕೂತವರ ಮಾತಾದರೂ ಮಗುವಿನ ಕಿವಿಗೆ ಬಿದ್ದಿರುತ್ತದೆ.