‘ತೂಗಿಸಿಕೊಂಡು ಹೋಗುವವಳ’ ಹೊಗಳಿಕೆ ಸಾಕು

ಪ್ರತಿ ವರ್ಷ ಮಾರ್ಚ್ 8ರಂದು ನಮ್ಮ ಸಭೆ ಸಮಾರಂಭಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಮನೆ, ಮಕ್ಕಳು, ಹೊರಗಿನ ದುಡಿಮೆ ಎಲ್ಲವನ್ನೂ ತೂಗಿಸಿಕೊಂಡು ಹೋಗುವ ಮಹಾತಾಯಿ.’ ಈ ಮಾತಿನೊಂದಿಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ನಿವೃತ್ತಿಯ ನಂತರ ನನಗೂ ಅಂತಹ ಶಾಲುಗಳು ಬಂದಿವೆ. ಹೊದಿಸಿದವರ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ. ಆ ಮಾತಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ಏಕೆಂದರೆ ಅದು ಒಂದು ಸಾಮಾಜಿಕ ವ್ಯವಸ್ಥೆಯ ಕೊರತೆಯನ್ನು ಹೆಣ್ಣಿನ ಗುಣವೆಂದು ಕೊಂಡಾಡುತ್ತದೆ. ತೂಗಿಸಬಲ್ಲವಳು ಮಹಾತಾಯಿ ಎಂದಾದರೆ, ತೂಗಿಸಲಾರದೆ ಕೆಲಸ ಬಿಟ್ಟವಳು ಯಾರು? ಸೋತವಳೇ? ಅವಳನ್ನು ಸೋಲಿಸಿದವರು ಯಾರೆಂದು ಯಾವ ಭಾಷಣಕಾರರೂ ಕೇಳಿದ್ದನ್ನು ನಾನು ಕಂಡಿಲ್ಲ.

ಮೊದಲು ಒಂದು ಭ್ರಮೆಯನ್ನು ಕಳೆಯಬೇಕು. ಹೆಣ್ಣು ದುಡಿಯತೊಡಗಿದ್ದು ನಿನ್ನೆ ಮೊನ್ನೆ ಎಂಬಂತೆ ಮಾತನಾಡುವವರಿದ್ದಾರೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳನ್ನು ಕಂಡವರಿಗೆ ಇದು ನಗೆಯ ಮಾತು. ಮನೆಯ ಮುಂದಿನ ಅಂಕಣದಲ್ಲಿ ಮಗ್ಗ, ಪಕ್ಕದಲ್ಲಿ ಕಂಡಿಕೆ ಸುತ್ತುವ ತಾಯಿ, ಅವಳ ಕಣ್ಣಳತೆಯಲ್ಲೇ ತೊಟ್ಟಿಲು. ದೇವನಹಳ್ಳಿ, ವಿಜಯಪುರದ ಕಡೆ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆ ಹುಳುವಿಗೆ ಹಾಕಿದವರು ಯಾರು? ಹೊಸಕೋಟೆ, ನೆಲಮಂಗಲದ ರಾಗಿ ಹೊಲಗಳಲ್ಲಿ ಕಳೆ ಕಿತ್ತವರು ಯಾರು? ನಮ್ಮ ಅಜ್ಜಿಯರು ಬಿಡುವಿಲ್ಲದೆ ದುಡಿದವರೇ. ಆ ದುಡಿಮೆ ಸುಖದ್ದೆಂದು ನಾನು ಹೇಳುತ್ತಿಲ್ಲ. ಮಗು ಅತ್ತರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಎತ್ತಿಕೊಳ್ಳುವಷ್ಟು ಹತ್ತಿರದಲ್ಲಿ ಮಗು ಇರುತ್ತಿತ್ತು, ಅಷ್ಟೆ. ಇಂದು ಹೊಸದಾಗಿ ಬಂದಿರುವುದು ಹೆಣ್ಣಿನ ದುಡಿಮೆಯಲ್ಲ. ಗಡಿಯಾರ ಮತ್ತು ದೂರ.

ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶಕ್ಕೋ, ಅಪೆರಲ್ ಪಾರ್ಕಿಗೋ, ದಾಬಸ್‌ಪೇಟೆಯ ಕಾರ್ಖಾನೆಗಳಿಗೋ ಹೋಗುವ ತಾಯಿಯ ದಿನವನ್ನು ಲೆಕ್ಕ ಹಾಕಿ ನೋಡಿ. ಎಂಟು ಗಂಟೆಯ ಪಾಳಿ, ಅದಕ್ಕೆ ಊಟದ ವಿರಾಮ, ಹಳ್ಳಿಯಿಂದ ಹೋಗಿ ಬರುವ ಪ್ರಯಾಣ. ಕಡಿಮೆಯೆಂದರೂ ಹತ್ತು ಗಂಟೆ ಅವಳು ಮನೆಯಲ್ಲಿರುವುದಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಬಸ್ಸಿನ ಖರ್ಚನ್ನು ಉಳಿಸಿತು, ಒಳ್ಳೆಯದೇ. ಆದರೆ ಬಸ್ಸು ಹತ್ತುವ ಮುನ್ನ ಮಗುವನ್ನು ಯಾರ ಕೈಯಲ್ಲಿಡಬೇಕು ಎಂಬ ಪ್ರಶ್ನೆಗೆ ಟಿಕೆಟ್ಟಿನಲ್ಲಿ ಉತ್ತರವಿರುವುದಿಲ್ಲ.

ಕಾನೂನು ಏನನ್ನೂ ಕೊಟ್ಟಿಲ್ಲ ಎನ್ನುವಂತಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, 12 ವಾರಗಳ ರಜೆ ಮೊದಲ ಎರಡು ಮಕ್ಕಳಿಗೆ 26 ವಾರಗಳಾಯಿತು. ಅಂದರೆ ಆರು ತಿಂಗಳು. ಅತ್ತ ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಎರಡೂವರೆ ವರ್ಷ ಆ ಮಗು ಎಲ್ಲಿರಬೇಕು? ನಡೆಯಲು, ನುಡಿಯಲು ಕಲಿಯುವ, ಬಿದ್ದು ಏಳುವ, ಒಂದು ಗಳಿಗೆ ಕಣ್ಣು ತಪ್ಪಿದರೆ ನೀರಿನ ತೊಟ್ಟಿಯ ಬಳಿಗೋ ಒಲೆಯ ಬಳಿಗೋ ಹೋಗುವ ವಯಸ್ಸು ಅದು. ನಮ್ಮ ವಾದ ವಿವಾದಗಳೆಲ್ಲ ಈ ಎರಡೂವರೆ ವರ್ಷವನ್ನು ಹಾರಿ ದಾಟಿಬಿಡುತ್ತವೆ.

ಸರ್ಕಾರದ ಶಿಶುಪಾಲನಾ ಕೇಂದ್ರಗಳ ಯೋಜನೆ 2006ರಲ್ಲಿ ರಾಜೀವ್ ಗಾಂಧಿಯವರ ಹೆಸರಿನಲ್ಲಿ ಬಂತು, ಮುಂದೆ ‘ರಾಷ್ಟ್ರೀಯ’ ಯೋಜನೆಯಾಯಿತು, 2022ರಲ್ಲಿ ‘ಪಾಲನಾ’ ಎನಿಸಿಕೊಂಡಿತು. ಹೆಸರು ಬದಲಾದಷ್ಟು ಸುಲಭವಾಗಿ ಸಮಯ ಬದಲಾಗಲಿಲ್ಲ. ಕೇಂದ್ರ ತೆರೆದಿರಬೇಕಾದ ಅವಧಿ ದಿನಕ್ಕೆ ಏಳೂವರೆ ಗಂಟೆ. ತಾಯಿ ಹೊರಗಿರುವುದು ಹತ್ತು ಗಂಟೆ. ಉಳಿದ ಎರಡೂವರೆ ಗಂಟೆಯನ್ನು ಅವಳು ಎಲ್ಲಿಂದ ತರಬೇಕು?

ಅವಳು ತರುವುದು ಎಲ್ಲಿಂದ ಎಂಬುದನ್ನು ನಾನು ಬಲ್ಲೆ. ಹಾಜರಿ ಪುಸ್ತಕವನ್ನು ಮೂರು ದಶಕಗಳ ಕಾಲ ಬರೆದ ಕೈ ಇದು. ಮನೆಯಲ್ಲಿ ಒಂದು ಮಗು ಹುಟ್ಟಿ, ಕೆಲವು ತಿಂಗಳಾಗಿ, ತಾಯಿ ಕೆಲಸಕ್ಕೆ ಮರಳಿದಳೆಂದರೆ ನನ್ನ ತರಗತಿಯಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಸಾಲುಗಟ್ಟುತ್ತಿದ್ದವು. ಅದು ಯಾವಾಗಲೂ ಹಿರಿಯ ಮಗಳ ಹೆಸರು. ಲೆಕ್ಕದಲ್ಲಿ ತರಗತಿಗೇ ಮುಂದಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ದೀಪಾವಳಿ ರಜೆಯ ನಂತರ ಬರಲೇ ಇಲ್ಲ. ವಿಚಾರಿಸಲು ಹೋದಾಗ ಬಾಗಿಲಲ್ಲೇ ಸಿಕ್ಕಳು, ಸೊಂಟದ ಮೇಲೆ ತಮ್ಮ. “ಅಮ್ಮ ಗಾರ್ಮೆಂಟ್ಸಿಗೆ ಹೋಗ್ತಾಳೆ ಮಿಸ್, ಇವನನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ” ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ತಾಯಿಯ ಕಣ್ಣಲ್ಲಿ ಮಾತ್ರ ನೀರಿತ್ತು. ಆ ತಾಯಿಯನ್ನು ನಾನು ದೂಷಿಸಲಾರೆ. ಸಂಬಳ ಬಿಟ್ಟರೆ ಇಬ್ಬರಿಗೂ ಊಟವಿಲ್ಲ, ಬಿಡದಿದ್ದರೆ ಒಬ್ಬಳಿಗೆ ಓದಿಲ್ಲ.

ಹೀಗೆ ನೀವು ವೇದಿಕೆಯ ಮೇಲೆ ಹೊಗಳುವ ‘ಸಮತೋಲನ’ವನ್ನು ಅನೇಕ ಮನೆಗಳಲ್ಲಿ ಹೊತ್ತು ನಿಂತಿರುವುದು ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಸೊಂಟ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕರವರೆಗಿನ ಮಗುವಿಗೆ ಶಾಲೆಯ ಬಾಗಿಲು ತೆರೆಯಿತು. ಆದರೆ ಆರರ ಒಳಗಿನ ಮಗುವಿಗೆ ಆಸರೆ ಇಲ್ಲದಿದ್ದರೆ ಅದರ ಅಕ್ಕನಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. 2002ರ ತಿದ್ದುಪಡಿಯ ನಂತರ ಸಂವಿಧಾನದ 45ನೆಯ ಅನುಚ್ಛೇದವೇ ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಹೇಳುತ್ತದೆ. ಅದು ಮೂರು ವರ್ಷದಿಂದ ಎಂದು ಹೇಳುವುದಿಲ್ಲ. ಹುಟ್ಟಿದಂದಿನಿಂದಲೇ ಎಂಬುದು ಅದರ ಅರ್ಥ.

‘ಅಜ್ಜಿ ಇಲ್ಲವೇ?’ ಎಂದು ಕೇಳುವವರಿದ್ದಾರೆ. ನಮ್ಮ ಕಡೆ ಐವತ್ತರ ಅಜ್ಜಿ ತಾನೇ ಕೂಲಿಗೆ ಹೋಗುವವಳು, ಇಲ್ಲವೇ ಹಸು ಕಟ್ಟಿಕೊಂಡು ಎರಡು ಹೊತ್ತು ಡೈರಿಗೆ ಹಾಲು ಹಾಕುವವಳು. ಅಜ್ಜಿಯನ್ನೇ ನೆಚ್ಚಿ ದೇಶ ನಡೆಸುವುದಾದರೆ ಆಯವ್ಯಯದಲ್ಲಿ ಅವಳ ಹೆಸರಿಗೂ ಒಂದಿಷ್ಟು ಹಣ ಇಡಲಿ.

‘ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇದೆಯಲ್ಲ, ತಾಯಂದಿರೇ ಕರೆತರುವುದಿಲ್ಲ’ ಎಂಬುದು ಇನ್ನೊಂದು ವಾದ. 1948ರ ಕಾರ್ಖಾನೆ ಕಾಯಿದೆ ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿರುವಲ್ಲಿ ಇಂತಹ ಕೊಠಡಿ ಇರಬೇಕೆಂದಿತ್ತು. 2017ರ ತಿದ್ದುಪಡಿ ಐವತ್ತು ನೌಕರರಿರುವ ಸಂಸ್ಥೆಗೆ ಅದನ್ನು ವಿಧಿಸಿ, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಬಹುದೆಂದಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ಬೆಳಗಿನ ಚಳಿಯಲ್ಲಿ, ಕಿಕ್ಕಿರಿದ ವ್ಯಾನಿನಲ್ಲಿ, ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಹದಿನೈದು ಇಪ್ಪತ್ತು ಕಿಲೋಮೀಟರು ನಿಂತು ಹೋಗುವವರು ಯಾರು? ಕೊಠಡಿ ಖಾಲಿ ಇದೆಯೆಂದರೆ ಬೇಡಿಕೆ ಇಲ್ಲವೆಂದು ಅರ್ಥವಲ್ಲ. ಅದು ಇರಬೇಕಾದ ಜಾಗದಲ್ಲಿ ಇಲ್ಲವೆಂದು ಅರ್ಥ.

ಇದರ ಖರ್ಚು ಯಾರದು ಎಂಬುದೇ ಮುಖ್ಯ ಪ್ರಶ್ನೆ. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆಯ ಚರ್ಚೆ ನಡೆದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ, ತಾಯಿಗೆ ವಿಶ್ರಾಂತಿ ದೊರೆಯುವುದು ನಾಡಿನ ಹಿತವಾದ್ದರಿಂದ ಅದರ ಭಾರದ ಹೆಚ್ಚಿನ ಪಾಲು ಸರ್ಕಾರದ್ದು, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನಿಗೂ ಹೊಣೆಯಿದೆ ಎಂಬ ನಿಲುವನ್ನು ಮಂಡಿಸಿದರು. ಆ ವಿವೇಕದ ಒಂದಂಶ ನಮ್ಮಲ್ಲಿ ಆಗಲೇ ನಡೆದಿದೆ. ಇ.ಎಸ್.ಐ. ವ್ಯಾಪ್ತಿಯ ಕಾರ್ಮಿಕಳ ಹೆರಿಗೆ ರಜೆಯ ಹಣ ಎಲ್ಲರೂ ಸೇರಿ ಕಟ್ಟಿದ ನಿಧಿಯಿಂದ ಬರುತ್ತದೆ. ಮಾಲೀಕನ ಪಾಲು ಸಂಬಳದ ಶೇಕಡ 3.25, ಕಾರ್ಮಿಕರ ಪಾಲು 0.75. ರಜೆಗೆ ನಿಧಿ ಇದೆ. ರಜೆ ಮುಗಿದ ಮರುದಿನದ ಮಗುವಿಗೆ ನಿಧಿ ಇಲ್ಲ. ಕಟ್ಟಡ ಕಾರ್ಮಿಕರ ಹಿತಕ್ಕಾಗಿ 1996ರಿಂದ ಕಟ್ಟಡಗಳ ಮೇಲೆ ಸೆಸ್ ವಿಧಿಸಬಹುದಾದರೆ ಶಿಶುಪಾಲನೆಗೆ ಏಕಾಗದು?

ಇಂತಹ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡನ್ನು ನೋಡಬೇಕು. ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಮದುವೆಯಾದ ಹೆಣ್ಣುಮಕ್ಕಳನ್ನು ಐಫೋನ್ ಜೋಡಣೆಯ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲವೆಂದು 2024ರ ಜೂನ್‌ನಲ್ಲಿ ರಾಯಿಟರ್ಸ್ ವರದಿ ಮಾಡಿತು. ಕಂಪನಿ ಆರೋಪವನ್ನು ನಿರಾಕರಿಸಿತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯದಿಂದ ವಿವರಣೆ ಕೇಳಿತು. ಅದೇ ಕಂಪನಿಯ ಕಾರ್ಖಾನೆ 2025ರಲ್ಲಿ ನಮ್ಮ ದೇವನಹಳ್ಳಿಯಲ್ಲೂ ಆರಂಭವಾಗಿದೆ. ನಮ್ಮ ಹುಡುಗಿಯರಿಗೆ ಕೆಲಸ ಸಿಗುತ್ತಿರುವುದು ಸಂತೋಷ. ಆದರೆ ಯಾವ ಕಾರ್ಖಾನೆಯೇ ಆಗಲಿ, ಅವರ ಇಪ್ಪತ್ತೆರಡನೆಯ ವಯಸ್ಸನ್ನು ಬಯಸಿ ಇಪ್ಪತ್ತೆಂಟನೆಯದಕ್ಕೆ ಬಾಗಿಲು ಮುಚ್ಚಿದರೆ ಅದನ್ನು ಉದ್ಯೋಗವೆನ್ನಲಾರೆ.

‘ಮಗುವಿಗೆ ತಾಯಿಯೇ ಬೇಕು’ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬೇಕು, ನಿಜ. ತಂದೆಯೂ ಬೇಕು. ಆದರೆ ‘ಸಂಸಾರವನ್ನೂ ಕೆಲಸವನ್ನೂ ಹೇಗೆ ತೂಗಿಸುತ್ತೀರಿ?’ ಎಂದು ಯಾವ ತಂದೆಯನ್ನೂ ಯಾರೂ ಕೇಳಿದ್ದಿಲ್ಲ. ಸರ್ಕಾರಿ ನೌಕರಳಾದ ತಾಯಿಗೆ 2021ರಿಂದ ರಾಜ್ಯದಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಇದೆ. ಹೊಲಿಗೆ ಯಂತ್ರದ ಮುಂದಿನ ತಾಯಿಗೆ ಅಂತಹ ರಜೆ ಇಲ್ಲ. ಇಬ್ಬರ ಮಕ್ಕಳ ಅಳುವಿನಲ್ಲಿ ನನಗಂತೂ ವ್ಯತ್ಯಾಸ ಕೇಳಿಸುವುದಿಲ್ಲ.

ಮಾಡಬೇಕಾದುದು ಅಸಾಧ್ಯವೇನಲ್ಲ. ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023–24ರ ಆಯವ್ಯಯದಲ್ಲಿ 4000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ಯನ್ನು ಘೋಷಿಸಿತು. ಆ ಕಲ್ಪನೆ ಸರಿಯಾದುದು, ಏಕೆಂದರೆ ಅದು ಮಗುವಿನ ಊರಿನಲ್ಲೇ ಇದೆ. ಅದನ್ನು ಕಾರ್ಖಾನೆಯ ತಾಯಂದಿರಿಗೂ ವಿಸ್ತರಿಸಬೇಕು. ವ್ಯಾನು ಹೊರಡುವ ಮೊದಲು ತೆರೆದು, ವ್ಯಾನು ಮರಳಿದ ಮೇಲೆ ಮುಚ್ಚಬೇಕು. ಅಲ್ಲಿ ದುಡಿಯುವವರಿಗೆ ‘ಗೌರವಧನ’ವೆಂಬ ಚೆಂದದ ಹೆಸರಿನ ಅಲ್ಪ ಹಣವಲ್ಲ, ಸಂಬಳ ಕೊಡಬೇಕು, ಅವರೂ ತಾಯಂದಿರೇ.

ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಇಂದು ಪಂಚಾಯಿತಿ ಸದಸ್ಯರಾಗಿದ್ದೀರಿ, ಕೆಲವರು ಕಾರ್ಖಾನೆಗಳಲ್ಲಿ ಆಡಳಿತ ನೋಡುತ್ತಿದ್ದೀರಿ, ಕೆಲವರು ಅದೇ ಶಾಲೆಗಳಲ್ಲಿ ಹಾಜರಿ ಕೂಗುತ್ತಿದ್ದೀರಿ. ಪಂಚಾಯಿತಿಯಲ್ಲಿರುವವರು ಮುಂದಿನ ಗ್ರಾಮಸಭೆಯಲ್ಲಿ ಕೂಸಿನ ಮನೆಯ ಸಮಯದ ಬಗ್ಗೆ ಕೇಳಿ. ಕಾರ್ಖಾನೆಯಲ್ಲಿರುವವರು ಆ ಖಾಲಿ ಕೊಠಡಿ ಏಕೆ ಖಾಲಿ ಎಂದು ತಾಯಂದಿರನ್ನೇ ಕೇಳಿ. ಶಿಕ್ಷಕರಾದವರು ಹಿರಿಯ ಮಗಳು ಮೂರು ದಿನ ಬಾರದಿದ್ದರೆ ಮನೆಗೆ ಹೋಗಿ ಬನ್ನಿ. ಶಾಲು ಹೊದಿಸುವುದನ್ನು ಆಮೇಲೆ ನೋಡಿಕೊಳ್ಳೋಣ.