ಕೆಡದಂತೆ ಕಾದವರಿಗೂ ಸನ್ಮಾನ ಬೇಕು

ಎಂಜಿನಿಯರುಗಳ ದಿನವಾದ ಸೆಪ್ಟೆಂಬರ್ 15 ಬಂತೆಂದರೆ ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ, ತಾಂತ್ರಿಕ ಗೋಷ್ಠಿಗಳು ನಡೆಯುತ್ತವೆ, ಸಾಧಕರಿಗೆ ಶಾಲು ಹೊದಿಸಲಾಗುತ್ತದೆ. ಆ ಸಾಧಕರು ಬಹುಪಾಲು ಹೊಸದನ್ನು ಕಟ್ಟಿದವರು. ಕಟ್ಟಿದ್ದು ಕೆಡದಂತೆ ವರ್ಷಗಟ್ಟಲೆ ನೋಡಿಕೊಂಡವರು ವೇದಿಕೆ ಏರುವುದು ಅಪರೂಪ. ಇದು ಬರಿಯ ಮರೆವಲ್ಲ, ಅಪಾಯ ಎಂಬುದು ನನ್ನ ವಾದ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ರಭಸದ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ, ಒಂದು ವಾರದಲ್ಲಿ ಹರಿವು ತಡೆದರು. ಅವರನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೆ ಚೈನ್ ಸವೆದಿದೆಯೆಂದು ಮೊದಲೇ ಕಂಡು ಬದಲಿಸಿದ್ದರೆ, ಬದಲಿಸಿದವನ ಹೆಸರು ಯಾವ ಪತ್ರಿಕೆಯಲ್ಲೂ ಬರುತ್ತಿರಲಿಲ್ಲ. ಅನಾಹುತವಾದ ಮೇಲೆ ಮಾತ್ರ ಗೌರವ ಸಿಗುವ ಕಡೆ, ಅನಾಹುತಕ್ಕೆ ಮುಂಚಿನ ಕೆಲಸಕ್ಕೆ ಹಣವೂ ಸಿಗುವುದಿಲ್ಲ, ಒಳ್ಳೆಯ ಹುಡುಗರೂ ಬರುವುದಿಲ್ಲ.

ಮೈಸೂರಿಗೆ ಇದು ಗೊತ್ತಿರಬೇಕು. ಇಲ್ಲಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರಿಂದ ಚುನಾವಣೆಗಳಿಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ಒದಗಿಸುತ್ತಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ, ಬೆಳಕು ಬಿದ್ದು ಕಪ್ಪಾಗುತ್ತದೆ. ಕೋಟ್ಯಂತರ ಬೆರಳುಗಳ ಮೇಲೆ ಅದು ನಿಂತಾಗ ಯಾರೂ ಮಾತಾಡುವುದಿಲ್ಲ. ಎಲ್ಲೋ ಒಂದು ಕಡೆ ಅಳಿಸಿತೆಂಬ ದೂರು ಬಂದರೆ ಸಾಕು, ಸುದ್ದಿ.

ಆಗದೇ ಉಳಿದ ಅವಘಡವನ್ನು ಅಳೆಯುವುದು ಹೇಗೆ, ಅದು ಅದೃಷ್ಟವೂ ಇರಬಹುದಲ್ಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಎರಡು ವೈಫಲ್ಯಗಳ ನಡುವಿನ ಸರಾಸರಿ ಅವಧಿ ಎಂಬ ಅಳತೆ ಎಂಜಿನಿಯರುಗಳಲ್ಲಿ ಬಳಕೆಯಲ್ಲಿದೆ. ಆದರೆ ಅದೊಂದನ್ನೇ ನೋಡಿ ಪ್ರಶಸ್ತಿ ಕೊಟ್ಟರೆ ಜನ ದೋಷಗಳನ್ನು ಮುಚ್ಚಿಡಲು ಕಲಿಯುತ್ತಾರೆ. ಸೊನ್ನೆ ದೋಷ ಎಂದು ಬರೆದ ವರದಿಗಿಂತ, ಬೇರಿಂಗ್ ಬಿಸಿಯಾಗುತ್ತಿದೆ, ಮೆಷಿನ್ ನಿಲ್ಲಿಸಿ ಎಂದು ಮೇಲಧಿಕಾರಿಗೆ ಹೇಳಿ ಬೈಸಿಕೊಂಡವನ ಲಾಗ್‌ಬುಕ್ಕಿನ ಪುಟ ನನಗೆ ದೊಡ್ಡದು.

ಆದ್ದರಿಂದ ಈ ಗೋಷ್ಠಿಗಳಲ್ಲಿ ಸನ್ಮಾನಕ್ಕೆ ಸಾಧಕರನ್ನು ಆರಿಸುವ ಸಮಿತಿ ಪ್ರಬಂಧಗಳ ಪಟ್ಟಿಯ ಜೊತೆಗೆ ಲಾಗ್‌ಬುಕ್ಕುಗಳನ್ನೂ ತರಿಸಿಕೊಂಡು ಓದಲಿ. ಯಾವ ದೋಷ ಯಾವಾಗ ಕಂಡಿತು, ಯಾರು ಹೇಳಿದರು, ಸರಿಪಡಿಸಲು ಎಷ್ಟು ದಿನ ಹಿಡಿಯಿತು ಎಂಬುದು ಅಲ್ಲಿರುತ್ತದೆ. ಸನ್ಮಾನ ಪತ್ರದಲ್ಲಿ ವಿಭಾಗದ ಮುಖ್ಯಸ್ಥರ ಹೆಸರಿನ ಜೊತೆಗೆ ಫಿಟ್ಟರ್, ಲೈನ್‌ಮನ್‌ಗಳ ಹೆಸರುಗಳನ್ನೂ ಬರೆದು, ಅವರನ್ನೂ ವೇದಿಕೆಗೆ ಕರೆಯಲಿ.